ಹದಿನೈದು ಸುತ್ತಾದರೆ ಯಾರು?

"ಎಷ್ಟು ಸುತ್ತಿನ ಪಂದ್ಯ?" ಎಂದು ಭಾವ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಭಾನುವಾರ, ಧಾರವಾಡದ ಅವರ ಮನೆಯಲ್ಲಿ ಕುಳಿತು, 1990ರ ದಶಕದ ಬಾಕ್ಸರ್ ರಾಯ್ ಜೋನ್ಸ್ ಮತ್ತು 1940ರ ದಶಕದ ಬಾಕ್ಸರ್ ಎಜರ್ಡ್ ಚಾರ್ಲ್ಸ್ ತಮ್ಮ ಕಸುವಿನ ದಿನಗಳಲ್ಲಿ 175 ಪೌಂಡ್ ತೂಕದ ಲೈಟ್ ಹೆವಿವೇಟ್ ವಿಭಾಗದಲ್ಲಿ ಎದುರುಬದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು ಎಂಬ ಮಾತನ್ನು ನಾನೇ ಎತ್ತಿದ್ದೆ. ಜೋನ್ಸ್ ಎಂದು ತೀರ್ಪನ್ನೂ ಕೊಟ್ಟಾಗಿತ್ತು. ಆದರೆ ಪಟ್ಟದ ಪಂದ್ಯ ಚಾರ್ಲ್ಸ್ ಕಾಲದಲ್ಲಿ ಹದಿನೈದು ಸುತ್ತಿನದು, ಜೋನ್ಸ್ ಕಾಲಕ್ಕೆ ಹನ್ನೆರಡೇ.

ಭಾವ ಸೇನೆಯಲ್ಲಿದ್ದಾಗ 81 ಕಿಲೋ ವಿಭಾಗದಲ್ಲಿ ರಿಂಗಿಗಿಳಿದವರು. ಅವರ ಎರಡನೇ ಪ್ರಶ್ನೆ ತೂಕ ನೋಡುವ ದಿನ ಯಾವುದೆಂಬುದಾಗಿತ್ತು. ಚಾರ್ಲ್ಸ್ ಕಾಲದಲ್ಲಿ ಪಂದ್ಯದ ದಿನವೇ ತೂಕ ನೋಡುತ್ತಿದ್ದರು, ಜೋನ್ಸ್ ಕಾಲಕ್ಕೆ ಅದು ಹಿಂದಿನ ದಿನಕ್ಕೆ ಸರಿದಿತ್ತು. ಎರಡು ದಿನ ಉಪವಾಸವಿದ್ದು ಬೆಳಿಗ್ಗೆ ತೂಕಕ್ಕೆ ನಿಂತು ಸಂಜೆ ಹೊಡೆದಾಡುವವನ ಕಾಲು ಮೂರನೇ ಸುತ್ತಿಗೇ ಟೊಳ್ಳಾಗುವುದನ್ನು ಅವರು ತೊಡೆ ಮುಟ್ಟಿ ತೋರಿಸಿದರು. 1955ರಲ್ಲಿ ಹೆವಿವೇಟ್ ಚಾಂಪಿಯನ್ ಮಾರ್ಸಿಯಾನೊ ಎದುರು 188 ಪೌಂಡ್ ತೂಗಿದ ಲೈಟ್ ಹೆವಿವೇಟ್ ಚಾಂಪಿಯನ್ ಆರ್ಚಿ ಮೂರ್ ಮರುವರ್ಷ ಮತ್ತೆ 175ಕ್ಕೆ ಇಳಿದು ಪಟ್ಟ ಉಳಿಸಿಕೊಂಡ ಎಂಬುದು ನನಗೆ ಅಂದಿನವರೆಗೆ ಬರೀ ಅಂಕಿಯಾಗಿತ್ತು. ಆದರೆ ಜೋನ್ಸ್, ಚಾರ್ಲ್ಸ್ ಇಬ್ಬರೂ ಇನ್ನೂ ಹಗುರದ ವಿಭಾಗವಾದ ಮಿಡಲ್‌ವೇಟ್‌ನಿಂದ ಬೆಳೆದು ಬಂದವರಾದ್ದರಿಂದ ನಮ್ಮ ಪಂದ್ಯಕ್ಕೆ ತೂಕ ಅಡ್ಡಿಯಲ್ಲವೆಂದು ಒಪ್ಪಿಕೊಂಡು ಮುಂದಕ್ಕೆ ಹೋದೆವು.

ಮೊದಲು ನಾನು 1998ರಲ್ಲಿ ವರ್ಜಿಲ್ ಹಿಲ್ ವಿರುದ್ಧ ಜೋನ್ಸ್ ಆಡಿದ ಪಂದ್ಯವನ್ನು ಹಾಕಿದೆ. ನಾಲ್ಕನೇ ಸುತ್ತಿನಲ್ಲಿ ಬಲಗೈಯ ಒಂದೇ ಏಟು ಪಕ್ಕೆಲುಬಿಗೆ ಬಿದ್ದು ಹಿಲ್ ಕುಸಿದಾಗ ಭಾವನೂ ಉಸಿರು ಬಿಗಿಹಿಡಿದರು. ಆಮೇಲೆ ಚಾರ್ಲ್ಸ್‌ನನ್ನು ಹುಡುಕಿದೆವು. ನಮಗೆ ಸಿಕ್ಕಿದ್ದೆಲ್ಲ ಹೆವಿವೇಟ್ ಚಾರ್ಲ್ಸ್: 1950ರಲ್ಲಿ ತನಗಿಂತ ಮೂವತ್ತಕ್ಕೂ ಹೆಚ್ಚು ಪೌಂಡ್ ಭಾರವಿದ್ದ ಮಾಜಿ ಹೆವಿವೇಟ್ ಚಾಂಪಿಯನ್ ಜೋ ಲೂಯಿಯನ್ನು ಹದಿನೈದು ಸುತ್ತು ಆಡಿ ಸೋಲಿಸಿದವನು, 1954ರಲ್ಲಿ ಮಾರ್ಸಿಯಾನೊ ಜೊತೆ ಹದಿನೈದು ಸುತ್ತು ನಿಂತ ಒಬ್ಬನೇ ಒಬ್ಬ. ಆರ್ಚಿ ಮೂರ್‌ನನ್ನು 1946ರಿಂದ 1948ರ ನಡುವೆ ಮೂರು ಸಲ ಸೋಲಿಸಿದ, ಮೂರನೆಯ ಸಲ ಎಂಟನೇ ಸುತ್ತಿನಲ್ಲಿ ಮಲಗಿಸಿದ ಆ ಚಾರ್ಲ್ಸ್ ನಮಗೆ ನೋಡಲು ಸಿಗಲೇ ಇಲ್ಲ. ಅಷ್ಟೆಲ್ಲ ಮಾಡಿಯೂ ಅವನಿಗೆ ಲೈಟ್ ಹೆವಿವೇಟ್ ಪಟ್ಟ ದಕ್ಕಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಮೂರ್‌ನನ್ನು ಮಲಗಿಸಿದ ಮರುತಿಂಗಳೇ, 1948ರ ಫೆಬ್ರವರಿಯಲ್ಲಿ, ಶಿಕಾಗೊದಲ್ಲಿ ಚಾರ್ಲ್ಸ್‌ನ ಏಟು ತಿಂದ ಸ್ಯಾಮ್ ಬರೂಡಿ ಎಂಬ ಹುಡುಗ ಮತ್ತೆ ಏಳದೆ ಸತ್ತುಹೋದ. ನಾವು ತೆರೆಯ ಮೇಲೆ ನೋಡುತ್ತಿದ್ದದ್ದು ಆ ಸಾವನ್ನು ಹೊತ್ತು ಆಡುತ್ತಿದ್ದ ಚಾರ್ಲ್ಸ್‌ನನ್ನು. ಎದುರಾಳಿ ತತ್ತರಿಸಿದಾಗ ಅವನು ಒಂದು ಹೆಜ್ಜೆ ತಡೆದಂತೆ ನನಗೆ ಕಂಡದ್ದು ಈ ಸಂಗತಿ ತಿಳಿದಿದ್ದರಿಂದಲೇ ಇರಬಹುದು, ಆದರೂ ಕಂಡಿತು. ಭಾವ ಬಹಳ ಹೊತ್ತು ಮಾತಾಡಲಿಲ್ಲ.

ಚಹಾ ಬಂದ ಮೇಲೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಸುತ್ತುಗಳ ಗೆರೆ ಹಾಕಿದೆವು. ಬರೂಡಿ ಪಂದ್ಯಕ್ಕೆ ಮುಂಚಿನ ಚಾರ್ಲ್ಸ್, ಹಿಲ್‌ನನ್ನು ಕೆಡವಿದ ಜೋನ್ಸ್. ಮೊದಲ ಐದು ಸುತ್ತನ್ನು ಜೋನ್ಸ್‌ಗೆ ಬರೆದೆ, ಭಾವ ತಕರಾರು ಮಾಡಲಿಲ್ಲ. ಆರರಿಂದ ಚಾರ್ಲ್ಸ್ ಮೈಗೆ ಹೊಡೆಯಲು ಶುರುಮಾಡುತ್ತಾನೆ, ಕೈ ಕೆಳಗಿಟ್ಟು ಹಿಂದಕ್ಕೆ ಬಾಗಿ ತಪ್ಪಿಸಿಕೊಳ್ಳುವವನಿಗೆ ಹೊಟ್ಟೆಯನ್ನು ಹಿಂದಕ್ಕೆ ಒಯ್ಯಲು ಆಗುವುದಿಲ್ಲ ಎಂದು ಅವರು ಎದ್ದು ನಿಂತು ಆಡಿ ತೋರಿಸಿದರು. ಹನ್ನೆರಡು ಮುಗಿದಾಗ ನನ್ನ ಲೆಕ್ಕದಲ್ಲಿ ಜೋನ್ಸ್ ಎರಡು ಸುತ್ತು ಮುಂದಿದ್ದ. ಹದಿಮೂರನೇ ಸುತ್ತನ್ನು ಜೋನ್ಸ್ ತನ್ನ ವೃತ್ತಿಯಲ್ಲಿ ಒಮ್ಮೆಯೂ ಆಡಿದವನಲ್ಲ, ಚಾರ್ಲ್ಸ್‌ಗೆ ಅದು ನಡೆದು ಸವೆದ ಹಾದಿ. ಉಳಿದ ಮೂರು ಗೆರೆಗಳ ಮೇಲೂ ನಾನೇ, ನನ್ನ ಕೈಯಾರೆ, ಚಾರ್ಲ್ಸ್ ಎಂದು ಬರೆದೆ.