ಮಲೇಷ್ಯಾದಲ್ಲಿ ನಮ್ಮ ಧಾರೆಹುಳಿಗೆ ಸಿಕ್ಕಿರೋ ರಾಜಮರ್ಯಾದೆ

ನಮ್ಕಡೆ ಧಾರೆಹುಳಿನ, ಅಂದ್ರೆ ಅಡ್ಡಕ್ಕೆ ಕೊಯ್ದ್ರೆ ನಕ್ಷತ್ರದ ಥರ ಕಾಣೋ ಸ್ಟಾರ್ ಫ್ರೂಟನ್ನ, ಯಾರೂ ದುಡ್ಡು ಕೊಟ್ಟು ತರಲ್ಲ, ಯಾರ್ದೋ ಹಿತ್ತಲಲ್ಲಿ ಉದುರಿ ಬಿದ್ದಿರತ್ತೆ, ಮಕ್ಳು ಉಪ್ಪು ಖಾರ ಹಚ್ಕೊಂಡು ಒಂದು ಕಣ್ಣು ಮುಚ್ಕೊಂಡು ತಿಂತಾವೆ, ಮಿಕ್ಕಿದ್ದು ಗೊಜ್ಜಿಗೋ ಉಪ್ಪಿನಕಾಯಿಗೋ ಹೋಗತ್ತೆ, ಅದೂ ಇಲ್ಲಾಂದ್ರೆ ಹಿತ್ತಾಳೆ ಪಾತ್ರೆ ತಿಕ್ಕೋಕೆ. ಕ್ವಾಲಾಲಂಪುರಕ್ಕೆ ಬಂದು ನೋಡಿದ್ರೆ ಇದೇ ಹಣ್ಣು ಇಲ್ಲಿ ಬೆಲಿಂಬಿಂಗ್ ಅಂತ ಹೆಸರಿಟ್ಕೊಂಡು ಸೇಬಿನ ಪಕ್ಕ ಒಂದೊಂದಕ್ಕೂ ಫೋಮ್ ಬಲೆ ಹಾಕಿಸ್ಕೊಂಡು ಕೂತಿದೆ!

ಇಲ್ಲಿನವ್ರು ಇದನ್ನ ಬೆಳೆಯೋದನ್ನ ನೀವು ನೋಡ್ಬೇಕು. ಸೆಲಂಗೋರ್ ಕಡೆ ತೋಟಕ್ಕೆ ಹೋದ್ರೆ ಮರದಲ್ಲಿ ಹಣ್ಣೇ ಕಾಣಲ್ಲ, ಬರೀ ಕಾಗದದ ಚೀಲ ನೇತಾಡ್ತಿರತ್ತೆ. ಹಣ್ಣಿನ ನೊಣದ ಕಾಟ ಜಾಸ್ತಿ, ಅದಕ್ಕೆ ಕಾಯಿ ಇನ್ನೂ ಚಿಕ್ಕದಿರೋವಾಗ್ಲೇ ಒಂದೊಂದಕ್ಕೂ ಕೈಯಲ್ಲೇ ಚೀಲ ಕಟ್ತಾರೆ, ಕಟ್ಟೋಕೆ ಕೈಗೆ ಸಿಗ್ಬೇಕಲ್ಲ, ಹಾಗಾಗಿ ಮರನೂ ಎತ್ತರ ಬಿಡಲ್ಲ. ಬಿ10, ಬಿ17 ಅಂತ ತಳಿಗಳಿಗೆ ನಂಬರ್ ಬೇರೆ, ಕಾರಿನ ಮಾಡೆಲ್ ಥರ. ಬಿ17 ಅಂದ್ರೆ ಜೇನು ಬೆಲಿಂಬಿಂಗ್, ನಿಜವಾಗ್ಲೂ ಸಿಹಿ, ಹುಳಿ ಹುಡುಕ್ಬೇಕು. ಇಲ್ಲಿಂದ ಯುರೋಪಿಗೂ ಹೋಗತ್ತೆ.

ಅಂಗಡಿಯಲ್ಲಿ ಆರಿಸೋವಾಗ ಏಣು ನೋಡಿ. ಏಣು ತೆಳ್ಳಗೆ ಚೂಪಾಗಿದ್ರೆ ಸಾಮಾನ್ಯವಾಗಿ ಹುಳಿ, ದಪ್ಪಗೆ ಉಬ್ಬಿದ್ರೆ ಸಿಹಿ. ಕಿತ್ತ ಮೇಲೆ ಬಣ್ಣ ಹಳದಿಗೆ ತಿರುಗತ್ತೆ ಅಷ್ಟೇ, ಸಿಹಿ ಏನೂ ಏರಲ್ಲ, ಹಸಿರಿದ್ದದ್ದನ್ನ ತಂದು ಅಕ್ಕಿ ಡಬ್ಬದಲ್ಲಿ ಹುದುಗಿಸಿಟ್ರೆ ಉಪಯೋಗ ಇಲ್ಲ. ಏಣಿನ ಅಂಚು ಸ್ವಲ್ಪ ಕಂದು ಆಗಿದ್ರೆ ಹಣ್ಣು ಕೆಟ್ಟಿದೆ ಅಂತಲ್ಲ, ಮಾಗಿದೆ ಅಂತ.

ಕತ್ತರಿಸೋದ್ರಲ್ಲೇ ಇರೋದು ಮಜಾ. ಮೊದ್ಲು ಪೀಲರ್ ತಗೊಂಡು ಐದೂ ಏಣಿನ ಅಂಚನ್ನ ಉದ್ದಕ್ಕೆ ಒಂದೊಂದು ಎಳೆ ತೆಗೀರಿ, ಆ ಕಂದು ಗೆರೆ ಹೋದ್ರೇನೇ ನಕ್ಷತ್ರ ಚೊಕ್ಕಟವಾಗಿ ಬರೋದು. ಆಮೇಲೆ ಅಡ್ಡಕ್ಕೆ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ. ತೀರಾ ತೆಳು ಮಾಡಿದ್ರೆ ತುದಿ ಬಾಗಿ ಸೋತು ಬೀಳತ್ತೆ. ನಡುವೆ ಬೀಜದ ಸುತ್ತ ಲೋಳೆ ಇರತ್ತೆ, ಚಾಕು ಮೊನೆಯಿಂದ ಒತ್ತಿದ್ರೆ ಬೀಜದ ಜೊತೆ ಹೊರಗೆ ಬರತ್ತೆ, ಬೆಳಕಿಗೆ ಹಿಡಿದ್ರೆ ಹೋಳು ಪೂರ್ತಿ ಗಾಜಿನ ಹಾಗೆ ಕಾಣತ್ತೆ. ಮಧ್ಯದ ದೊಡ್ಡ ಹೋಳು ಅಲಂಕಾರಕ್ಕೆ, ಎರಡೂ ಕೊನೆಯ ಪುಟಾಣಿ ಹೋಳು ಚಟ್ನಿಗೆ ಅಥವಾ ಕತ್ತರಿಸಿದವ್ರ ಬಾಯಿಗೆ. ನಿಂಬೆರಸ ಸವರಿದ್ರೆ ಬೇಗ ಕಪ್ಪಾಗಲ್ಲ. ಕೇಕ್ ಮೇಲೆ, ನೀರಿನ ಜಗ್ ಒಳಗೆ, ಕೋಸಂಬರಿ ಮೇಲೆ ಎಲ್ಲಿಟ್ರೂ ಚಂದ. ಓವನ್ ಸಣ್ಣ ಉರಿಯಲ್ಲಿಟ್ಟು ನಿಧಾನಕ್ಕೆ ಒಣಗಿಸಿದ್ರೆ ಗರಿಗರಿ ನಕ್ಷತ್ರ, ಮನೆಗೆ ಬಂದವ್ರು ಇದನ್ನೇ ಮೊದ್ಲು ಖಾಲಿ ಮಾಡೋದು. ಇಲ್ಲಿನವ್ರು ಹಣ್ಣಿನ ಹೋಳಿನ ಮೇಲೆ ಅಸಾಮ್ ಬೋಯ್ ಅಂತ ಒಣಗಿಸಿದ ಹುಳಿ ಪ್ಲಮ್ ಪುಡಿ ಉದುರಿಸ್ತಾರೆ, ಉಪ್ಪು ಹುಳಿ ಸಿಹಿ ಮೂರೂ ಒಟ್ಟಿಗೆ, ನಮ್ಮ ಉಪ್ಪು ಖಾರಕ್ಕೆ ಸಮ ಅಂತ ನಾನಂತೂ ಒಪ್ಪಲ್ಲ.

ಪೌಷ್ಟಿಕ ಅನ್ನೋದೂ ಸುಳ್ಳಲ್ಲ. 100 ಗ್ರಾಂಗೆ ಸುಮಾರು 31 ಕ್ಯಾಲೊರಿ, 34 ಮಿಲಿಗ್ರಾಂ ವಿಟಮಿನ್ ಸಿ, 3 ಗ್ರಾಂ ಹತ್ರ ನಾರು, ಮಿಕ್ಕಿದ್ದು ಹೆಚ್ಚಾಗಿ ನೀರೇ.

ಆದ್ರೆ ಇದನ್ನ ಓದಿ ಮನೆಯಲ್ಲಿ ಯಾರಾದ್ರೂ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಜ್ಯೂಸ್ ಶುರು ಮಾಡ್ತಾರೆ ಅಂತ ನಂಗೆ ಗೊತ್ತು, ಶುಗರ್‌ಗೆ ಒಳ್ಳೇದು ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಾನೇ ಇರತ್ತೆ. ದಯವಿಟ್ಟು ಬೇಡ. ಕಿಡ್ನಿ ತೊಂದ್ರೆ ಇರೋರು, ಡಯಾಲಿಸಿಸ್ ಮಾಡಿಸ್ಕೊಳ್ಳೋರು ಈ ಹಣ್ಣನ್ನ ಒಂದು ಹೋಳೂ ಮುಟ್ಬಾರ್ದು. ಇದರಲ್ಲಿ ಕ್ಯಾರಂಬಾಕ್ಸಿನ್ ಅನ್ನೋ ವಿಷ ಇದೆ, ಬ್ರೆಜಿಲ್ ವಿಜ್ಞಾನಿಗಳು 2013ರಲ್ಲಿ ಅದನ್ನ ಬೇರ್ಪಡಿಸಿ ತೋರಿಸಿದ್ರು. ಚೆನ್ನಾಗಿರೋ ಕಿಡ್ನಿ ಅದನ್ನ ಹೊರಗೆ ಹಾಕತ್ತೆ, ಹಾಕೋಕೆ ಆಗ್ದೇ ಇದ್ರೆ ಅದು ಮಿದುಳಿಗೆ ಹೋಗತ್ತೆ, ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಗೊಂದಲ, ಫಿಟ್ಸ್, ಸಾವಿನವರೆಗೂ ಆಗಿರೋದಿದೆ. ಬಿಕ್ಕಳಿಕೆ ಅಂತ ನೀರು ಕುಡಿಸ್ತಾ ಕೂರೋ ವಿಷಯ ಅಲ್ಲ ಇದು, ತಕ್ಷಣ ಆಸ್ಪತ್ರೆ. ಕಿಡ್ನಿ ಚೆನ್ನಾಗಿರೋರಿಗೂ ಜ್ಯೂಸ್ ಅಂದ್ರೆ ಒಂದೇ ಸಲ ಎಷ್ಟೋ ಹಣ್ಣಿನ ಆಕ್ಸಲೇಟ್ (ಕಿಡ್ನಿಯಲ್ಲಿ ಹರಳುಗಟ್ಟೋ ಅಂಶ) ಒಳಗೆ ಹೋಗತ್ತೆ, ಖಾಲಿ ಹೊಟ್ಟೆ, ಮೈಯಲ್ಲಿ ನೀರು ಕಮ್ಮಿ ಇರೋವಾಗ ಕುಡಿದು ಕಿಡ್ನಿ ಕೆಡಿಸ್ಕೊಂಡೋರೂ ಇದಾರೆ. ಇದರ ಅಣ್ಣತಮ್ಮ ಬಿಂಬುಳಿದೂ ಅದೇ ಕಥೆ, ಕೊಲೆಸ್ಟ್ರಾಲ್ ಇಳಿಯತ್ತೆ ಅಂತ ಅದರ ರಸ ಕುಡಿದು ಕೇರಳದಲ್ಲಿ ಜನ ಕಿಡ್ನಿ ಫೇಲ್ ಆಗಿ ಆಸ್ಪತ್ರೆ ಸೇರಿದ್ದು ವೈದ್ಯಕೀಯ ಪತ್ರಿಕೆಯಲ್ಲೇ ಬಂದಿದೆ. ದಿನಾ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಒಂದು ಮಾತು ಕೇಳಿ.

ಅದಕ್ಕೇ ನಮ್ಮನೇಲಿ ಇದು ತಟ್ಟೆಗೆ ನಾಲ್ಕೈದು ಹೋಳು, ಊಟ ಆದ್ಮೇಲೆ. ಅತಿಥಿಗಳು ಬಂದಾಗ ಕಿಡ್ನಿ ವಿಷ್ಯ ಕೇಳ್ಬಿಟ್ಟೇ ಮುಂದಿಡ್ತೀನಿ, ಕೆಲವ್ರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ. ಹುಳಿ ಹಣ್ಣು ಸಿಕ್ಕಿದ ದಿನ ಮಾತ್ರ ಬೆಲ್ಲ, ಹಸಿಮೆಣಸು, ಸಾಸಿವೆ ಒಗ್ಗರಣೆ ಹಾಕಿ ಗೊಜ್ಜು ಮಾಡ್ತೀನಿ, ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಅಲ್ಯೂಮಿನಿಯಂ ಬೇಡ, ಹುಳಿ ಅದನ್ನ ತಿನ್ನತ್ತೆ.