ಕೊನೆಯ ದಿನಕ್ಕೆ ಕಾಯಬೇಡಿ, ಮಾಮೂಲಿ ದಿನದ ಫೋಟೊ ತೆಗೆಯಿರಿ

ಮುಂಬೈ ಲೋಕಲ್ ರೈಲು, ಊರೊಳಗೆ ಓಡುವ ಬೆಸ್ಟ್ (ಬಿಇಎಸ್‌ಟಿ) ಸಂಸ್ಥೆಯ ಬಸ್ಸು, ಹಳೇ ಸ್ಟೇಷನ್ನುಗಳ ಫೋಟೊ ತೆಗೆಯುವುದೇ ನನ್ನ ಹೊಟ್ಟೆಪಾಡು. ಆರ್ಕಿಟೆಕ್ಟ್‌ಗಳು, ಪುಸ್ತಕ ಮಾಡುವವರು, ಪ್ರದರ್ಶನ ಇಡುವವರು ಕೆಲಸ ಕೊಡುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಏನೋ ನಿಂತುಹೋಗುತ್ತಿದೆ ಅಂತ ಸುದ್ದಿ ಬಂದ ಮೇಲೆ ಕ್ಯಾಮೆರಾ ಹಿಡಿದು ಓಡಬೇಡಿ. ಅದು ದಿನಾ ಓಡಾಡುತ್ತಿರುವಾಗಲೇ, ಯಾರೂ ತಿರುಗಿ ನೋಡದಿರುವಾಗಲೇ ತೆಗೆದಿಟ್ಟುಕೊಳ್ಳಿ.

2023ರ ಸೆಪ್ಟೆಂಬರ್ 15ರಂದು ಬೆಸ್ಟ್‌ನ ಹಳೇ ಡೀಸೆಲ್ ಡಬಲ್ ಡೆಕರ್ ಅಂಧೇರಿಯಲ್ಲಿ ಕೊನೆಯ ಸಲ ಓಡಿತು. 1937ರಿಂದ ಈ ಊರಿನ ರಸ್ತೆಯಲ್ಲಿ ಡಬಲ್ ಡೆಕರ್ ಇತ್ತು. ಆ ದಿನ ಸಿಂಗಾರ ಮಾಡಿದ ಬಸ್ಸಿನ ಫೋಟೊ ಬೇಕಾದಷ್ಟಿವೆ. ಆದರೆ ಆಮೇಲೆ ನನ್ನ ಹತ್ತಿರ ಬಂದವರು ಯಾರೂ ಸಿಂಗಾರದ ಬಸ್ಸನ್ನು ಕೇಳಲಿಲ್ಲ. ಮೇಲಕ್ಕೆ ಹತ್ತುವ ಆ ಇಕ್ಕಟ್ಟಿನ ಮೆಟ್ಟಿಲು ಹೇಗಿತ್ತು, ಕೆಳಗೊಬ್ಬ ಮೇಲೊಬ್ಬ ಕಂಡಕ್ಟರ್ ಎಲ್ಲಿ ನಿಲ್ಲುತ್ತಿದ್ದರು, ಮೇಲೆ ಮುಂದಿನ ಸೀಟಿನಲ್ಲಿ ಕೂತವರಿಗೆ ರಸ್ತೆ ಎಷ್ಟು ಕಾಣುತ್ತಿತ್ತು, ಇವು ಅವರಿಗೆ ಬೇಕಿತ್ತು. ಇಂಥವು ಕೊನೆಯ ದಿನದ ನೂಕುನುಗ್ಗಲಿನಲ್ಲಿ ಸಿಗುವುದಿಲ್ಲ, ಯಾವುದೋ ಮಂಗಳವಾರ ಮಧ್ಯಾಹ್ನ ಖಾಲಿ ಬಸ್ಸಿನಲ್ಲಿ ಸುಮ್ನೆ ಕೂತವನಿಗೆ ಸಿಗುತ್ತವೆ.

ರೈಲಿನದೂ ಇದೇ ಕತೆ. 1925ರ ಫೆಬ್ರವರಿ 3ರಂದು ಆಗಿನ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಹಾರ್ಬರ್ ಲೈನಿನಲ್ಲಿ ದೇಶದ ಮೊದಲ ಎಲೆಕ್ಟ್ರಿಕ್ ರೈಲು ಓಡಿತು, 1500 ವೋಲ್ಟ್ ಡಿಸಿಯಲ್ಲಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲಿ. 2016ರ ಏಪ್ರಿಲ್ 9ರ ರಾತ್ರಿ ಅದೇ ಲೈನಿನಲ್ಲಿ ಕೊನೆಯ ಡಿಸಿ ಲೋಕಲ್ ಓಡಿತು. ಈಗ ಲೋಕಲ್ ಲೈನುಗಳಲ್ಲಿ ಎಲ್ಲಾ ಕಡೆ 25,000 ವೋಲ್ಟ್ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು. ಕಡಿಮೆ ವೋಲ್ಟೇಜಿಗೆ ಕರೆಂಟು ಜಾಸ್ತಿ ಹರಿಯಬೇಕು, ಹಾಗಾಗಿ ಡಿಸಿ ಕಾಲದಲ್ಲಿ ಹಳಿಯ ಮೇಲಿದ್ದ ತಂತಿಗಳು ಈಗಿನದಕ್ಕಿಂತ ದಪ್ಪ. ಹಳೇ ಫೋಟೊದಲ್ಲಿ ಇದು ಗೊತ್ತಾಗುತ್ತದೆ, ಆದರೆ ತೆಗೆದವರು ತಂತಿಯನ್ನು ಉಳಿಸಿದ್ದರೆ ಮಾತ್ರ. ಚಂದ ಕಾಣಲಿ ಅಂತ ಕಂಪ್ಯೂಟರಿನಲ್ಲಿ ತಂತಿ, ಕಂಬ, ಜಾಹೀರಾತು, ಬೋರ್ಡು ಎಲ್ಲಾ ಅಳಿಸುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅದು ಯಾವ ಕಾಲದ ಫೋಟೊ ಅಂತ ಹೇಳುವುದೇ ಅವು ಅಲ್ವಾ?

ಲೋಕಲ್‌ನ ಮುಂಭಾಗದ ಎಲ್‌ಇಡಿ ಬೋರ್ಡಿನ ಬಗ್ಗೆ ಇನ್ನೊಂದು ಮಾತು. ಸೆಂಟ್ರಲ್ ಲೈನಿನಲ್ಲಿ ಕಸಾರಾಕ್ಕೆ ಹೋಗುವ ರೈಲಿಗೆ 'ಎನ್', ಕರ್ಜತ್‌ಗೆ ಹೋಗುವುದಕ್ಕೆ 'ಎಸ್', ಪಕ್ಕದಲ್ಲಿ ಫಾಸ್ಟ್ ಅಥವಾ ಸ್ಲೋ ಅನ್ನುವ ಅಕ್ಷರ. ಆ ದೀಪಗಳು ಕಣ್ಣಿಗೆ ಗೊತ್ತಾಗದಷ್ಟು ಬೇಗ ಹತ್ತಿ ಆರುತ್ತಿರುತ್ತವೆ. ಕ್ಯಾಮೆರಾದ ಶಟರ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆದರೆ ಅರ್ಧ ಅಕ್ಷರ ಮಾಯವಾಗಬಹುದು. ನೂರರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಬೋರ್ಡು ಸರಿಯಾಗಿ ಬರುತ್ತದೆ, ಆದರೆ ಓಡುವ ರೈಲು ಕದಡಿಹೋಗುತ್ತದೆ. ಹಾಗಾಗಿ ನಾನು ರೈಲು ನಿಧಾನವಾಗಿ ನಿಲ್ಲುವ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಹಳದಿ ಗೆರೆಯ ಹಿಂದೆ ನಿಂತು, ಅದು ನಿಲ್ಲುವ ಹೊತ್ತಿಗೆ ತೆಗೆಯುತ್ತೇನೆ. ಹೊಸ ಬಸ್ಸುಗಳ ಬೋರ್ಡಿಗೂ ಇದೇ ಉಪಾಯ.

ಸಿಎಸ್‌ಎಂಟಿ, ಅಂದರೆ ಹಿಂದಿನ ವಿಕ್ಟೋರಿಯಾ ಟರ್ಮಿನಸ್, ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಗ್ಗೆ ಹೇಳದೆ ಮುಗಿಯುವುದಿಲ್ಲ. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸ, 1878ರಲ್ಲಿ ಶುರುವಾಗಿ ಹತ್ತು ವರ್ಷ ಕಟ್ಟಿದ್ದು, 2004ರಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಮುಖ ಪಶ್ಚಿಮಕ್ಕಿರುವುದರಿಂದ ಬೆಳಿಗ್ಗೆ ಅಲ್ಲಿ ನೆರಳು. ಮಧ್ಯಾಹ್ನ ಮೂರರ ಮೇಲೆ ಹೋಗಿ. ಎದುರು ರಸ್ತೆಯಿಂದ ಇಡೀ ಕಟ್ಟಡ ಎಲ್ಲರೂ ತೆಗೆಯುತ್ತಾರೆ, ನೀವೂ ಒಂದು ತೆಗೆದುಕೊಳ್ಳಿ. ಆಮೇಲೆ ಹತ್ತಿರ ಹೋಗಿ. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಗಡಿಯಾರದ ಕೆಳಗೆ ಒಂದು ಖಾಲಿ ಗೂಡಿದೆ, ಮೊದಲು ಅಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ಇತ್ತು.

ಬೈಕುಲ್ಲಾ ಸ್ಟೇಷನ್ನಿನ ಕಟ್ಟಡ ಇದಕ್ಕಿಂತ ಹಳೆಯದು, 1857ರದು. ಅದರ ಜೀರ್ಣೋದ್ಧಾರಕ್ಕೆ 2022ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು. ಇಂಥ ಕೆಲಸ ಮಾಡುವವರ ಜೊತೆ ಕೂತು ನೋಡಿದರೆ ಗೊತ್ತಾಗುತ್ತದೆ, ಅವರು ಹುಡುಕುವುದು ಕಮಾನಿನ ಬುಡ, ಕಿಟಕಿಯ ಕಂಬಿ, ಬಣ್ಣ ಕಿತ್ತುಬಂದ ಜಾಗದ ಹತ್ತಿರದ ಫೋಟೊಗಳನ್ನು.

ದುಡ್ಡಿನ ಕೆಲಸಕ್ಕೆ ರೈಲ್ವೆಯ ಲಿಖಿತ ಅನುಮತಿ ಬೇಕು, ಪ್ರತಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ತಂತಿಯ ಕೆಳಗೆ ಉದ್ದದ ಕೋಲಿಗೆ ಕ್ಯಾಮೆರಾ ಕಟ್ಟಿ ಎತ್ತಬೇಡಿ, ಯಾವ ಫೋಟೊಗೂ ಆ ಬೆಲೆ ಇಲ್ಲ. ಮತ್ತು ಸ್ಟೇಷನ್, ಪ್ಲಾಟ್‌ಫಾರ್ಮ್, ರೈಲು ಎಲ್ಲಿಗೆ ಹೋಗುವುದು, ದಿನ, ಹೊತ್ತು, ಇಷ್ಟನ್ನು ಅವತ್ತೇ ರಾತ್ರಿ ಬರೆದಿಡಿ.

ಈಗ ಏನು ತೆಗೆಯಬೇಕು ಅಂತ ಕೇಳಿದರೆ, ಲೋಕಲ್‌ನ ತೆರೆದ ಬಾಗಿಲು. 2025ರ ಜೂನ್‌ನಲ್ಲಿ ಮುಂಬ್ರಾ ಹತ್ತಿರ ಕಿಕ್ಕಿರಿದ ಲೋಕಲ್‌ನಿಂದ ಬಿದ್ದು ಜನ ಸತ್ತ ಮೇಲೆ, ಹವಾನಿಯಂತ್ರಣ ಇಲ್ಲದ ಲೋಕಲ್‌ಗಳಿಗೂ ತಾನಾಗಿ ಮುಚ್ಚುವ ಬಾಗಿಲು ಹಾಕುತ್ತೇವೆ ಅಂತ ರೈಲ್ವೆ ಹೇಳಿದೆ. ಹಾಕಲೇಬೇಕು, ತಡವಾಯಿತು ಅನ್ನುವುದೇ ನನ್ನ ಸಿಟ್ಟು. ಆದರೆ ಬಾಗಿಲ ನಡುವಿನ ಆ ಕಂಬ, ಅದನ್ನು ಹಿಡಿದು ನಿಲ್ಲುವ ರೀತಿ, ಇಳಿಯುವವರು ಮುಂದಿನ ಸ್ಟೇಷನ್ ಕೇಳುತ್ತಾ ಮೊದಲೇ ಸಾಲುಗಟ್ಟುವುದು, ಇದನ್ನೆಲ್ಲ ಮುಂದೆ ಯಾರೋ ಕೇಳಿಕೊಂಡು ಬರುತ್ತಾರೆ. ದಾದರ್‌ನಲ್ಲಿ ಬೆಳಿಗ್ಗೆ ಹತ್ತರ ನಂತರ ಜನ ಸ್ವಲ್ಪ ಕಡಿಮೆಯಾಗುತ್ತಾರೆ, ಆಗ ಹೋಗಿ. ಜನರ ಮುಖ ಹತ್ತಿರದಿಂದ ತೆಗೆಯುವುದಾದರೆ ಕೇಳಿ ತೆಗೆಯಿರಿ.