ಡಿಕ್ಕಿ ತೆರೆದರೆ ಮಾತ್ರ ಓಡುವ ವೈಪರ್

ಜುಲೈ 14, 2024, ಭಾನುವಾರ
ಚಿಕ್ಕಮಗಳೂರು

ಕಾರಿನ ಹಿಂದಿನ ವೈಪರ್ ಇವತ್ತು ಸರಿಯಾಯ್ತು. ಮೋಟರ್ ಬದಲಾಯಿಸಲಿಲ್ಲ. ಕೆಟ್ಟಿದ್ದು ಒಂದು ಕಪ್ಪು ವೈರು, ಅಷ್ಟೇ. ಅದು ಸಿಕ್ಕಿದ್ದು ಹೇಗೆ ಅಂತ ಪೂರ್ತಿ ಬರೆದಿಡುತ್ತೇನೆ. ಇದೇ ತೊಂದರೆ ಇರುವ ಯಾರಿಗಾದರೂ ಹೊಸ ಮೋಟರಿನ ದುಡ್ಡು ಉಳಿದರೆ ನನಗೆ ಸಂತೋಷ.

ಹಿಂದಿನ ವೈಪರ್ ಬರೀ ಶೋಕಿಗೆ ಅನ್ನುವವರು ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ನೋಡಬೇಕು. ಹ್ಯಾಚ್‌ಬ್ಯಾಕ್ ಕಾರಿನ ಹಿಂಭಾಗ ನೆಟ್ಟಗೆ ಇಳಿದಿರುತ್ತೆ. ಓಡುವಾಗ ಅದರ ಹಿಂದೆ ಗಾಳಿ ಸುತ್ತು ಹೊಡೆದು, ಚಕ್ರ ಎರಚಿದ ಕೆಸರು ನೀರನ್ನೆಲ್ಲ ಎತ್ತಿ ಗಾಜಿಗೇ ತಂದು ಬಳಿಯುತ್ತೆ. ತೋಟದ ದಾರಿಯಲ್ಲಿ ಬಂದರೆ ಕೇಳೋದೇ ಬೇಡ, ರಿವರ್ಸ್ ತೆಗೆಯುವಾಗ ಹಿಂದೆ ಯಾರು ನಿಂತಿದ್ದಾರೆ ಅಂತಲೂ ಕಾಣಲ್ಲ.

ಮೊದಲು ವೈಪರ್ ಆಗಾಗ ಗಾಜಿನ ಮಧ್ಯಕ್ಕೇ ನಿಲ್ಲುತ್ತಿತ್ತು. ಆಮೇಲೆ ಪೂರ್ತಿ ನಿಂತಿತು. ಗ್ಯಾರೇಜಿನಲ್ಲಿ ಮೀಟರ್ ಇಟ್ಟು, "ಕರೆಂಟ್ ಬರ್ತಿದೆ ಸಾರ್, ಮೋಟರ್ ಹೋಗಿದೆ, ಹೊಸದು ಹಾಕ್ಬೇಕು" ಅಂದರು. ನನಗೆ ಯಾಕೋ ಒಪ್ಪಿಗೆ ಆಗಲಿಲ್ಲ. ಡಿಕ್ಕಿ ಎತ್ತಿದಾಗ ವೈಪರ್ ಒಮ್ಮೊಮ್ಮೆ ಚೆನ್ನಾಗೇ ಓಡುತ್ತಿತ್ತು. ಸುಟ್ಟ ಮೋಟರ್ ಆಗಿದ್ದರೆ ಡಿಕ್ಕಿ ತೆರೆದರೂ ಓಡಲ್ಲ, ಮುಚ್ಚಿದರೂ ಓಡಲ್ಲ, ಅಲ್ವಾ? ಕೆಲವು ಕಾರುಗಳಲ್ಲಿ ಡಿಕ್ಕಿ ತೆರೆದಾಗ ವೈಪರ್ ಓಡದ ಹಾಗೆ ಕಂಪನಿಯವರೇ ಮಾಡಿರುತ್ತಾರೆ. ನಮ್ಮದರಲ್ಲಿ ಆಗುತ್ತಿದ್ದದ್ದು ಅದಕ್ಕೆ ಪೂರಾ ಉಲ್ಟಾ. ಇನ್ನೊಂದು ಸುಳಿವೂ ಇತ್ತು. ರಾತ್ರಿ ವೈಪರ್ ಹಾಕಿದರೆ ನಂಬರ್ ಪ್ಲೇಟಿನ ಲೈಟು ಮಂಕಾಗುತ್ತಿತ್ತು. ಲೈಟಿಗೂ ಮೋಟರಿಗೂ ಅರ್ತ್ (ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಒಂದೇ ವೈರಿನಲ್ಲಿದ್ದು, ಆ ವೈರು ಕೆಟ್ಟಿದ್ದರೆ ಹೀಗಾಗುತ್ತೆ.

ಬೆಳಿಗ್ಗೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕೂತೆ. ಭಾವ ಸ್ವಿಚ್ ಹಾಕೋಕೆ ಮುಂದಿನ ಸೀಟಲ್ಲಿ. ಫ್ಯೂಸ್ ಸರಿ ಇತ್ತು. ಡಿಕ್ಕಿಯ ಒಳಗಿನ ಪ್ಲಾಸ್ಟಿಕ್ ಪ್ಯಾನಲ್ ತೆಗೆದರೆ ಮೋಟರ್ ಕಾಣುತ್ತೆ. ಅದರ ಕಪ್ಲರಿಗೆ, ಅಂದ್ರೆ ವೈರು ಸಿಕ್ಕಿಸುವ ಪ್ಲಗ್ಗಿಗೆ, ಮೂರು ವೈರು. ಒಂದು ಸ್ವಿಚ್ಚಿನಿಂದ ಬರುವುದು. ಇನ್ನೊಂದರಲ್ಲಿ ಕೀ ಆನ್ ಇರುವಷ್ಟು ಹೊತ್ತೂ ಕರೆಂಟ್ ಇರುತ್ತೆ, ಸ್ವಿಚ್ ಆಫ್ ಮಾಡಿದ ಮೇಲೂ ವೈಪರ್ ಕೆಳಗೆ ಬಂದೇ ನಿಲ್ಲುವುದು ಅದರಿಂದ. ಮೂರನೆಯದು ಕಪ್ಪು, ಅರ್ತ್.

ಕಪ್ಲರ್ ಬಿಚ್ಚಿ ಸ್ವಿಚ್ಚಿನ ಪಿನ್ನಿಗೂ ಕಪ್ಪಿಗೂ ಮೀಟರ್ ಇಟ್ಟರೆ 12.4 ವೋಲ್ಟ್. ಗ್ಯಾರೇಜಿನವರು ನೋಡಿದ್ದು ಇದನ್ನೇ. ಆದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ವೈರಿನ ತುದಿಗಳು ಒಂದಕ್ಕೊಂದು ಸ್ವಲ್ಪ ತಾಗಿಕೊಂಡಿದ್ದರೂ ಸಾಕು, ಅದು ಪೂರ್ತಿ ವೋಲ್ಟ್ ತೋರಿಸಿಬಿಡುತ್ತೆ. ಮೋಟರಿಗೆ ಹಾಗಲ್ಲ, ಅದಕ್ಕೆ ಆಂಪಿಯರ್ ಲೆಕ್ಕದಲ್ಲೇ ಬೇಕು. ಹಾಗಾಗಿ ಕಪ್ಲರ್ ಮತ್ತೆ ಸಿಕ್ಕಿಸಿ, ಹಿಂದಿನಿಂದ ಪಿನ್ ಚುಚ್ಚಿ, "ಭಾವ, ಈಗ ಹಾಕಿ" ಅಂದೆ. 12.4 ಇದ್ದದ್ದು 4ಕ್ಕೆ ಇಳಿಯಿತು. ಮೀಟರಿನ ಕಪ್ಪು ತುದಿಯನ್ನು ಡಿಕ್ಕಿ ಲಾಕ್ ಕೂರುವ ಬಾಡಿ ಬೋಲ್ಟಿಗೆ, ಕೆಂಪು ತುದಿಯನ್ನು ಮೋಟರಿನ ಅರ್ತ್ ಪಿನ್ನಿಗೆ ಇಟ್ಟೆ. 8 ವೋಲ್ಟ್! ಅರ್ತ್ ಸರಿ ಇದ್ದರೆ ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಮೋಟರಿಗೆ ಸೇರಬೇಕಾದ ವೋಲ್ಟೇಜಿನ ಬಹುಪಾಲು ಆ ಕಪ್ಪು ವೈರಿನಲ್ಲೇ ಹೋಗುತ್ತಿತ್ತು. ಮೀಟರ್ ಇಲ್ಲದವರು 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಕಟ್ಟಿ ಕಪ್ಲರಿನ ಪಿನ್ನುಗಳಿಗೆ ಹಿಡಿದರೂ ಗೊತ್ತಾಗುತ್ತೆ. ವೈರಿಂಗ್ ಸರಿ ಇದ್ದರೆ ಜೋರಾಗಿ ಉರಿಯುತ್ತೆ, ಇಲ್ಲಾಂದ್ರೆ ಮಂಕು.

ಇನ್ನು ಹುಡುಕುವ ಜಾಗ ಒಂದೇ. ಡಿಕ್ಕಿಯ ಕೀಲಿನ ಹತ್ತಿರ, ಬಾಡಿಯಿಂದ ಡಿಕ್ಕಿಗೆ ವೈರುಗಳು ಹೋಗುವ ಸುಕ್ಕುಸುಕ್ಕು ರಬ್ಬರ್ ಕೊಳವೆ. ನಮ್ಮ ಡಿಕ್ಕಿಗೆ ಪುರುಸೊತ್ತಿಲ್ಲ, ಗೊಬ್ಬರದ ಚೀಲ, ಮೆಣಸಿನ ಚೀಲ, ಸಂತೆ ಸಾಮಾನು ಅಂತ ತೆಗೆಯೋದು, ದಬ್ಬನೆ ಹಾಕೋದು. ಪ್ರತಿ ಸಲವೂ ಆ ವೈರುಗಳು ಅದೇ ಜಾಗದಲ್ಲಿ ಮಡಚಿಕೊಳ್ಳುತ್ತವೆ. ಕೊಳವೆಯ ಮೇಲಿನ ತುದಿ ಬಿಡಿಸಿ ಹಿಂದಕ್ಕೆ ಸರಿಸಿದೆ. ಕಪ್ಪು ವೈರಿನ ಸಿಪ್ಪೆ ಒಡೆದು, ಒಳಗಿನ ತಾಮ್ರ ತುಂಡಾಗಿ, ತುದಿಗೆಲ್ಲ ಹಸಿರು ಕಿಲುಬು ಕಟ್ಟಿತ್ತು. ಡಿಕ್ಕಿ ಎತ್ತಿದಾಗ ಆ ತುದಿಗಳು ಒತ್ತಿಕೊಳ್ಳುತ್ತಿದ್ದವು, ಇಳಿಸಿದಾಗ ದೂರ ಆಗುತ್ತಿದ್ದವು. ಪಕ್ಕದ ಕೆಂಪು ವೈರಿನ ಸಿಪ್ಪೆಯೂ ಬಿರುಕು ಬಿಟ್ಟಿತ್ತು. ಅದು ಬಾಡಿಗೆ ತಾಗಿದ್ದರೆ ಫ್ಯೂಸೇ ಹೋಗುತ್ತಿತ್ತು.

ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು ಎರಡೂ ವೈರು ಬದಲಾಯಿಸಿದೆ. ಮುರಿದ ಜಾಗದಲ್ಲೇ ತಿರುಚಿ ಟೇಪ್ ಸುತ್ತಿದರೆ ಬಹಳ ದಿನ ಬಾಳಿಕೆ ಬರಲ್ಲ. ಬೆಸುಗೆ ಹಾಕಿದ ಕಡೆ ವೈರು ಗಟ್ಟಿಯಾಗಿ ಮಡಚುವ ಗುಣ ಕಳೆದುಕೊಳ್ಳುತ್ತೆ, ಅಲ್ಲೇ ಮತ್ತೆ ಮುರಿಯುತ್ತೆ. ಅದಕ್ಕೇ ಅಷ್ಟೇ ದಪ್ಪದ, ಎಳೆ ಜಾಸ್ತಿ ಇರುವ ಮೆದು ವೈರು ತಂದು, ಒಂದು ಜಾಯಿಂಟ್ ಮೇಲೆ ರೂಫಿನ ಕಡೆ, ಇನ್ನೊಂದು ಡಿಕ್ಕಿಯ ಪ್ಯಾನಲ್ ಒಳಗೆ ಬರುವಷ್ಟು ಉದ್ದ ಬಿಟ್ಟೆ. ಮಡಿಕೆಯ ಜಾಗದಲ್ಲಿ ಒಂದೂ ಜಾಯಿಂಟ್ ಇಲ್ಲ. ಬೆಸುಗೆಯ ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಎಳೆದು ಬಿಸಿ ಮಾಡಿ ಕೂರಿಸಿ, ಕೊಳವೆ ಸರಿಯಾಗಿ ಒಳಗೆ ಕೂತಿದೆಯಾ ಅಂತ ಬೆರಳಾಡಿಸಿ ನೋಡಿದೆ. ಅದು ಸಡಿಲ ಇದ್ದರೆ ಮಳೆನೀರು ನೇರ ಒಳಗೆ.

ಈಗ ವೈಪರ್ ಓಡುವಾಗ ಅರ್ತ್ ಪಿನ್ನಿನಲ್ಲಿ 0.1 ವೋಲ್ಟ್. ಡಿಕ್ಕಿ ಮುಚ್ಚಿದರೂ ಓಡುತ್ತೆ, ಆಫ್ ಮಾಡಿದರೆ ಕೆಳಗೆ ಬಂದು ನಿಲ್ಲುತ್ತೆ. ಭಾವ ಅಲ್ಲೇ ತಮ್ಮ ಕಾರಿನ ಡಿಕ್ಕಿ ಎತ್ತಿ ನೋಡಿದರು, ಅದರ ರಬ್ಬರ್ ಒಂದು ಕಡೆ ಸೀಳಿದೆ. ಮುಂದಿನ ಭಾನುವಾರ ಅದನ್ನ ಬಿಚ್ಚೋದು ಅಂತ ಆಗಿದೆ.